ನನ್ನ ಡ್ರಾಯರಿನಲ್ಲಿದ್ದ ಟೇಪಕ್ಕನ ಫೋನು

ನನ್ನ ಅಂಗಡಿಗೂ ಟೇಪಕ್ಕನ ಹೊಲಿಗೆ ಅಂಗಡಿಗೂ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ಈ ಕಡೆ ನಾನು ಗುಂಡಿ, ದಾರ, ಜಿಪ್ಪು, ಲೈನಿಂಗ್ ಬಟ್ಟೆ ಮಾರುತ್ತೇನೆ. ಆ ಕಡೆ ಅವಳು ಅವನ್ನು ಜನರ ಮೈಮೇಲೆ ಹಾಕುವ ಹಾಗೆ ಮಾಡುತ್ತಾಳೆ. ಹಲಗೆ ಹಾಕಿಸಿದ ಮಾಲೀಕ ಅದನ್ನು ಗೋಡೆ ಎಂದು ಕರೆಯುತ್ತಾನೆ. ಸೂಜಿ ಬಿದ್ದರೂ ಕೇಳಿಸುವ ಗೋಡೆ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಅರ್ಧ ನಾನು ಕಂಡದ್ದು, ಅರ್ಧ ಕೇಳಿದ್ದು. ಕದ್ದು ಕೇಳಿದ್ದಲ್ಲ, ಬಾಡಿಗೆ ಕೊಟ್ಟು ಕೇಳಿದ್ದು.

ಅಳತೆಯ ಟೇಪು ಸದಾ ಕೊರಳಲ್ಲಿ ನೇತಾಡುವುದರಿಂದ ಅವಳು ಟೇಪಕ್ಕ. ಗಂಡನ ಹೆಣದ ಪಕ್ಕ ಕೂತಾಗಲೂ ಅದು ಕೊರಳಲ್ಲೇ ಇತ್ತು. ತೆಗೆಯಬೇಕೆಂದು ಅವಳಿಗೂ ಹೊಳೆಯಲಿಲ್ಲ, ಸುತ್ತ ನಿಂತ ನಮಗೂ ಹೊಳೆಯಲಿಲ್ಲ.

ಆರು ವರ್ಷದ ಹಿಂದೆ ಅವಳ ಬಳಿ ಇದ್ದದ್ದು ಒಂದೇ ಮೆಷಿನ್ನು. ಹಳೆಯ ಕೋಟು, ಮಾಸಿದ ಶರ್ಟು ಬಿಚ್ಚಿ ಹೊಸ ಉಡುಪು ಮಾಡುವುದು ಅವಳ ಕೈಚಳಕ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಅದರ ವಿಡಿಯೋ ಹಾಕುತ್ತಿದ್ದಳು. ನೋಡುವವರು ನಾನು, ಅವಳ ಗಂಡ, ಮತ್ತೆ ಯಾರೋ ಒಬ್ಬರು. ಹೀಗಿರುವಾಗ ಒಂದು ದಿನ, ಮೂಲೆಯ ಸ್ಟೂಲಿನ ಮೇಲೆ ಕೂತು ನೂಲು ಬಿಚ್ಚುತ್ತಿದ್ದ ಅವಳ ಅತ್ತೆ, ಕ್ಯಾಮೆರಾ ಓಡುತ್ತಿರುವುದು ಗೊತ್ತಿಲ್ಲದೆ, ಕೋಟಿನ ತೋಳು ಎಳೆದುಕೊಂಡು ಒಳಮೈ ತಿರುವಿ, ಹೊಲಿಗೆಯ ಮೇಲೆ ಉಗುರು ಹಾಯಿಸಿದರು.

"ಇದೇನೇ ಇದು? ಹೊಲಿಗೆಯೋ, ಇರುವೆ ನಡೆದ ದಾರಿಯೋ?"

"ಇರುವೆಗೆ ದಾರಿ ತೋರಿಸಿದ್ದು ನೀವೇ ಅಲ್ವಾ ಅತ್ತೆ?"

ಅಷ್ಟೇ. ಜನ ಮುಗಿಬಿದ್ದು ನೋಡಿದರು. ಅವತ್ತಿನಿಂದ ಮುದುಕಿ ಜಡ್ಜಮ್ಮ ಆದರು. ದಿನಾ ಹನ್ನೊಂದಕ್ಕೆ ತಲೆ ಬಾಚಿ, ಕನ್ನಡಕ ಒರೆಸಿ, ಸ್ಟ್ಯಾಂಡಿಗೆ ಎದುರಾಗಿ ಕೂತು ಸೊಸೆಯ ಹೊಲಿಗೆಗೆ ತೀರ್ಪು ಕೊಡುವುದು, ಸೊಸೆ ಮರುಜವಾಬು ಕೊಡುವುದು. ಮೆಷಿನ್ನು ಒಂದಿದ್ದದ್ದು ಏಳಾಯಿತು. ಆಸ್ಪತ್ರೆಯ ಕೋಟು, ಶಾಲೆಯ ಯೂನಿಫಾರ್ಮು, ದೂರದೂರದಿಂದ ಪಾರ್ಸೆಲ್ಲಿನಲ್ಲಿ ಬರುವ ಹಳೆ ಬಟ್ಟೆ. ನಾನು ಗುಂಡಿಗೆಂದೇ ಇನ್ನೊಂದು ಕಪಾಟು ಮಾಡಿಸಿದೆ. ಅವರ ಜಗಳದಲ್ಲಿ ನನ್ನದೂ ಪಾಲಿತ್ತು ಅಂದರೆ ತಪ್ಪಾಗದು.

ಟೇಪಕ್ಕನ ಗಂಡ ಗೋದಾಮಿನಿಂದ ಬಟ್ಟೆಯ ಥಾನು ತರುತ್ತಿದ್ದ. ಜಡ್ಜಮ್ಮನಿಗೆ ಒಬ್ಬನೇ ಮಗ. "ಅಣ್ಣ, ನಮ್ಮನೇಲಿ ಇಬ್ಬರು ಸ್ಟಾರು, ಒಬ್ಬ ಡ್ರೈವರ್ರು" ಎಂದು ನನ್ನ ಗಲ್ಲಾಕ್ಕೆ ಒರಗಿ ನಗುತ್ತಿದ್ದ. ಹೋದ ವರ್ಷ ಒಂದು ದಿನ ಹನ್ನೊಂದು ದಾಟಿದ ಮೇಲೆ ಗೋದಾಮಿನ ಮೆಟ್ಟಿಲಲ್ಲಿ ಅವನಿಗೆ ಎದೆ ಹಿಡಿದುಕೊಂಡಿತು. ಹೆಂಡತಿಗೆ ಫೋನ್ ಮಾಡಿದ. ಆ ಫೋನು ಸ್ಟ್ಯಾಂಡಿನಲ್ಲಿತ್ತು, ಅವರು ಲೈವ್‌ನಲ್ಲಿದ್ದರು. ಕರೆ ಕಟ್ಟಾಯಿತು. ಅವನು ಮತ್ತೆ ಮಾಡಲಿಲ್ಲ. ಅರ್ಧ ಗಂಟೆಯ ಮೇಲೆ ವಾಚ್‌ಮ್ಯಾನ್ ನೋಡಿದಾಗ ಮೆಟ್ಟಿಲ ಮೇಲೆ ಕೂತಲ್ಲೇ ಗೋಡೆಗೆ ಒರಗಿದ್ದನಂತೆ. ಫೋನ್ ತೆಗೆದಿದ್ದರೆ ಉಳಿಯುತ್ತಿದ್ದನೋ ಏನೋ. ಡಾಕ್ಟರನ್ನು ಆ ಪ್ರಶ್ನೆ ಕೇಳುವ ಧೈರ್ಯ ಯಾರೂ ಮಾಡಲಿಲ್ಲ.

ಒಂದು ತಿಂಗಳಿಗೆ ಮೆಷಿನ್ನುಗಳು ಓಡತೊಡಗಿದವು. ಎರಡನೆಯ ತಿಂಗಳಿಗೆ ವಿಡಿಯೋ ಕೂಡ. ಕಾಯುತ್ತಿದ್ದ ಗಿರಾಕಿಗಳಿದ್ದರು, ಸಂಬಳ ಕೊಡಬೇಕಾದ ಹೆಂಗಸರಿದ್ದರು. ಅತ್ತೆ ಸೊಸೆ ಮೊದಲಿನ ಹಾಗೇ ಕಾಲೆಳೆದುಕೊಂಡರು. ಆದರೆ ಹಲಗೆಯ ಈಚೆ ಕೂತ ನನಗೆ ಬೇರೆಯದೇ ಕೇಳಿಸುತ್ತಿತ್ತು. ಹತ್ತು ನಿಮಿಷ ನಗು. ಫೋನನ್ನು ಸ್ಟ್ಯಾಂಡಿನಿಂದ ಇಳಿಸಿದ ಕೂಡಲೇ ಇಬ್ಬರ ಬಾಯಿಗೂ ಬೀಗ. ಕೈಯಳತೆ ದೂರದಲ್ಲಿ ಕೂತ ಸೊಸೆಯಿಂದ ಕತ್ತರಿ ಬೇಕಿದ್ದರೆ ಜಡ್ಜಮ್ಮ ಮೂರನೆಯ ಮೆಷಿನ್ನಿನ ಹೆಂಗಸಿಗೆ ಹೇಳುತ್ತಿದ್ದರು: "ಕತ್ತರಿ ಕೊಡೋಕೆ ಹೇಳಮ್ಮ ಅವಳಿಗೆ." ಪಾಲುದಾರಿಕೆ ಮುರಿದ ವ್ಯಾಪಾರಿಗಳು ಹೀಗೆ ಮಾತಾಡುವುದನ್ನು ಕಂಡಿದ್ದೇನೆ. ಆದರೆ ಅವರು ಸಂಜೆಯಾದರೆ ಬೇರೆ ಬೇರೆ ಮನೆಗೆ ಹೋಗುತ್ತಾರೆ. ಇವರಿಗೆ ಇದ್ದದ್ದು ಒಂದೇ ಮನೆ, ಅದೂ ಅಂಗಡಿಯ ಮೇಲೆ.

ಮುದುಕಿ ಸೊಸೆಯನ್ನು ಕ್ಷಮಿಸಿಲ್ಲ ಎಂದು ಬೀದಿಯೆಲ್ಲ ತೀರ್ಮಾನಿಸಿತ್ತು. ನಾನೂ ಅದಕ್ಕೆ ಸಹಿ ಹಾಕಿದ್ದೆ.

ವರ್ಷ ತುಂಬಲು ಮೂರು ವಾರ ಇರುವಾಗ ಟೇಪಕ್ಕ ಬಂದು ಫೋನನ್ನು ನನ್ನ ಗಲ್ಲಾದ ಮೇಲೆ ಇಟ್ಟಳು.

"ಅಣ್ಣ, ಇದನ್ನ ಒಂದು ತಿಂಗಳು ಇಟ್ಕೊಳ್ಳಿ."

"ಯಾಕಮ್ಮ, ಕೆಟ್ಟೋಯ್ತಾ?"

"ಚೆನ್ನಾಗಿದೆ. ಅದೇ ತೊಂದರೆ. ನಾನೇ ಬಂದು ಕೇಳಿದ್ರೂ ಕೊಡಬೇಡಿ."

"ಆರ್ಡರು?"

"ಅದಕ್ಕೆ ಒಂದು ಸಾದಾ ಫೋನ್ ತಗೊಂಡಿದೀನಿ. ವಿಡಿಯೋ ಮಾತ್ರ ಒಂದು ತಿಂಗಳು ಇಲ್ಲ ಅಂತ ಪೇಜಲ್ಲಿ ಹಾಕ್ಬಿಟ್ಟೆ."

"ವ್ಯಾಪಾರ ಏರ್ತಿರೋವಾಗ ಯಾರಾದ್ರೂ ಏಣಿ ತೆಗೀತಾರೇನಮ್ಮ? ಹೋದ ವಾರವಷ್ಟೇ ನಿನ್ನ ನಂಬಿ ಎರಡು ಪೆಟ್ಟಿಗೆ ಮರದ ಗುಂಡಿ ತರಿಸಿದೀನಿ ನಾನು."

ಅವಳು ನಗಲಿಲ್ಲ. ದಿನಾ ಬೆಳಗ್ಗೆ ಫೋನು 'ಹೋದ ವರ್ಷ ಇದೇ ದಿನ' ಎಂದು ಹಳೆಯ ವಿಡಿಯೋ ಒಂದನ್ನು ತಾನಾಗಿ ಎದುರಿಗೆ ತಂದಿಡುತ್ತದಂತೆ. ಇನ್ನು ಮೂರು ವಾರಕ್ಕೆ ಅದು ಯಾವುದನ್ನು ತರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬೇರೆ ಯಾರಿಗೂ ಕಾಣದ ಹಾಗೆ ಅದನ್ನು ಅಂದೇ ಮುಚ್ಚಿಟ್ಟಿದ್ದಳು, ಆದರೆ ಅಳಿಸಿರಲಿಲ್ಲ.

"ಅಳಿಸಿಬಿಡಮ್ಮ, ಪೀಡೆ ಹೋಗ್ಲಿ."

"ಹೇಗೆ ಅಣ್ಣ? ಅದರಲ್ಲಿ ಇನ್ನೂ ಅವರು ಬದುಕಿದ್ದಾರೆ. ಫೋನ್ ಮಾಡ್ತಿದ್ದಾರೆ."

ನಾನು ಫೋನನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದೆ.

ಪೇಜಿನಲ್ಲಿ ಏನಾಗುತ್ತಿದೆ ಎಂದು ನನ್ನ ಫೋನಿನಲ್ಲಿ ಇಣುಕುತ್ತಿದ್ದೆ. ಗುಂಡಿಯ ಚಿಂತೆ ನನಗೆ. ಮೊದಲ ವಾರ 'ಜಡ್ಜಮ್ಮ ಹುಷಾರಾಗಿದ್ದಾರಾ?' ಎಂದು ನೂರಾರು ಜನ. ಎರಡನೆಯ ವಾರ ಹತ್ತಿಪ್ಪತ್ತು. ಮೂರನೆಯ ವಾರಕ್ಕೆ ಯಾವನೋ ಬೇರೆ ಟೈಲರು ಅಲ್ಲೇ ಬಂದು ತನ್ನ ಜಾಹೀರಾತು ಅಂಟಿಸಿ ಹೋಗಿದ್ದ. ಮುಖ ಕಾಣದವರ ಪ್ರೀತಿಯ ಬಣ್ಣ ಎರಡು ಒಗೆತಕ್ಕೂ ತಾಳುವುದಿಲ್ಲ. ಆದರೆ ಆಸ್ಪತ್ರೆಯವರು ಕೋಟು ಕೊಡುವುದನ್ನು ನಿಲ್ಲಿಸಲಿಲ್ಲ, ಅಂಗಡಿ ನಡೆದೇ ಇತ್ತು.

ನಿಂತದ್ದು ಆ ಹತ್ತು ನಿಮಿಷ. ಅದು ಹೋದ ಮೇಲೆ ಆ ಮನೆಯಲ್ಲಿ ಮಾತು ಅನ್ನುವುದೇ ಉಳಿಯಲಿಲ್ಲ. ಮೊದಲ ಕೆಲವು ದಿನ ಜಡ್ಜಮ್ಮ ಅಭ್ಯಾಸದ ಮೇಲೆ ಹನ್ನೊಂದಕ್ಕೆ ತಲೆ ಬಾಚಿ ಇಳಿದು ಬಂದು, ಖಾಲಿ ಸ್ಟ್ಯಾಂಡಿನ ಎದುರು ಕೂತರು. ಆಮೇಲೆ ಬಾಚದೆ ಬಂದರು. ಆಮೇಲೆ ಬರುವುದನ್ನೇ ಬಿಟ್ಟರು. ಊಟದ ತಟ್ಟೆ ಮೇಲಕ್ಕೆ ಹೋಗಿ ಅರ್ಧಕ್ಕರ್ಧ ಹಾಗೇ ಕೆಳಗೆ ಬರುತ್ತಿದೆ ಎಂದು ಮೂರನೆಯ ಮೆಷಿನ್ನಿನ ಹೆಂಗಸು ಜಿಪ್ಪು ಕೊಳ್ಳಲು ಬಂದಾಗ ಹೇಳಿದಳು. "ಹೀಗೇ ಆದ್ರೆ ಅಜ್ಜಿ ಉಳಿಯಲ್ಲ ಅಣ್ಣ. ಇವರಿಬ್ಬರಲ್ಲಿ ಒಬ್ಬರಾದ್ರೂ ಬಾಯಿ ಬಿಡಬಾರದಾ?"

ವರ್ಷ ತುಂಬಿದ ದಿನ ಮಧ್ಯಾಹ್ನ, ಜಡ್ಜಮ್ಮ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಮೂರು ವಾರದಲ್ಲಿ ಮೂರು ವರ್ಷದಷ್ಟು ಇಳಿದುಹೋಗಿದ್ದರು. ಬಾಯಿ ಮಾತ್ರ ಹಾಗೇ ಇತ್ತು.

"ಏನಪ್ಪಾ ಗುಂಡಿ ಸಾಹುಕಾರ, ವ್ಯಾಪಾರ ಹೇಗಿದೆ?"

"ನೀವು ಬಾಯಿ ಮುಚ್ಚಿದ ಮೇಲೆ ನನ್ನ ಮರದ ಗುಂಡಿ ಕೇಳೋರಿಲ್ಲ ಅಮ್ಮ."

"ಸರಿ, ಫೋನ್ ತೆಗಿ."

"ಯಾವ ಫೋನು?"

"ನಾಟಕ ಬೇಡ. ಹಲಗೆಯಾಚೆ ಕೂತೋರಿಗೂ ಕಿವಿ ಇದೆ. ಈಗ ತಾನೇ ಡ್ರಾಯರ್ ನೋಡ್ದೆ ನೀನು."

"ಮಾತು ಕೊಟ್ಟಿದೀನಿ ಅಮ್ಮ."

"ಏನಂತ? ಅವಳು ಕೇಳಿದ್ರೆ ಕೊಡಲ್ಲ ಅಂತ ತಾನೇ? ನಾನು ಕೇಳಿದ್ರೆ?"

ಮೂವತ್ತು ವರ್ಷ ಈ ಗಲ್ಲಾದ ಹಿಂದೆ ಕೂತು ಚೌಕಾಶಿ ಮಾಡಿದ್ದೇನೆ. ಇಂಥ ಸಂದು ಹಿಡಿದು ಬಂದವರನ್ನು ಕಂಡಿರಲಿಲ್ಲ. ಆದರೂ ಇಲ್ಲ ಅನ್ನುತ್ತಿದ್ದೆನೇನೋ. ಅಷ್ಟರಲ್ಲಿ ಅವರು ಸ್ಟೂಲಿನ ಮೇಲೆ ಕುಸಿದು ಕೂತು, ತಗ್ಗಿದ ದನಿಯಲ್ಲಿ, "ಆವತ್ತಿನದ್ದು ಒಂದ್ಸಲ ನೋಡ್ಬೇಕು ಕಣಪ್ಪಾ" ಎಂದರು.

ಫೋನು ಸತ್ತಿತ್ತು. ಚಾರ್ಜಿಗೆ ಹಾಕಿ ಕಾದೆವು. ಫೋನಿನ ಬೀಗ ತೆರೆಯಲು ಪರದೆಯ ಮೇಲೆ ಎಳೆಯುವ ಗೆರೆ ಅವರಿಗೆ ಗೊತ್ತಿತ್ತು. ಅಂಗಿಯ ತೋಳು ಕೂಡಿಸುವ ಕಡೆ ಕತ್ತರಿ ಹೇಗೆ ಬಾಗಿ ತಿರುಗುತ್ತದೋ ಹಾಗೆ ಬೆರಳಾಡಿಸಿದರು. 'ಹೋದ ವರ್ಷ ಇದೇ ದಿನ' ಎಂದು ಅದು ತಾನೇ ಮೇಲೆ ಬಂತು. ಗಿರಾಕಿಗೆ ಮಾಲು ತೋರಿಸುವ ಅಂಗಡಿಯವನ ಹಾಗೆ.

ನಾನು ಎದ್ದು ಹೋಗಬೇಕೆಂದಿದ್ದೆ. ವಿಡಿಯೋ ಹಾಕುವುದು, ನಿಲ್ಲಿಸುವುದು ಹೇಗೆಂದು ಗೊತ್ತಿಲ್ಲದ ಜಡ್ಜಮ್ಮ ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದರು.

ವಿಡಿಯೋದಲ್ಲಿ ಇಬ್ಬರೂ ಒಂದು ಕಂದು ಕೋಟಿನ ಮೇಲೆ ಬಗ್ಗಿದ್ದಾರೆ, ನಗುತ್ತಿದ್ದಾರೆ. ಟೇಪಕ್ಕ ತಲೆಯೆತ್ತಿ ನೇರವಾಗಿ ನಮ್ಮನ್ನೇ ನೋಡುತ್ತಾಳೆ. "ಅತ್ತೆ, ನಿಮ್ಮ ಮಗ" ಅನ್ನುತ್ತಾಳೆ. ಜಡ್ಜಮ್ಮ ಕೋಟಿನಿಂದ ಕಣ್ಣೆತ್ತದೆ, "ಕಟ್ ಮಾಡೇ. ಊಟಕ್ಕೆ ಏನು ಅಂತ ಕೇಳೋಕೆ ಮಾಡಿರ್ತಾನೆ. ಹಸಿವಾದ್ರೆ ಮತ್ತೆ ಮಾಡ್ತಾನೆ" ಅನ್ನುತ್ತಾರೆ. ಟೇಪಕ್ಕನ ಬೆರಳು ಹತ್ತಿರ ಬರುತ್ತದೆ, ಇನ್ನೂ ಹತ್ತಿರ, ಪರದೆಯೆಲ್ಲ ಬೆರಳೇ ಆಗುತ್ತದೆ. ಬೆರಳು ಸರಿದಾಗ ಮತ್ತೆ ಇಬ್ಬರೂ ನಗುತ್ತಿದ್ದಾರೆ. ಕೆಳಗಿನಿಂದ ಯಾರ್ಯಾರೋ ಕಳಿಸಿದ ಕೆಂಪು ಹೃದಯಗಳು ಗುಳ್ಳೆಗಳಂತೆ ಮೇಲೇರುತ್ತಿವೆ.

"ಇನ್ನೊಂದ್ಸಲ ಹಾಕು" ಎಂದರು.

ಹಾಕಿದೆ. ಮೂರನೆಯ ಸಲ ಓಡುವಾಗ ಬಾಗಿಲಲ್ಲಿ ನೆರಳು ಬಿತ್ತು. ಮೇಲೆ ಅತ್ತೆ ಕಾಣಲಿಲ್ಲವೆಂದು ಹುಡುಕಿಕೊಂಡು ಬಂದ ಟೇಪಕ್ಕ. ಕೊರಳಲ್ಲಿ ಟೇಪು.

"ನಂಬಿ ಕೊಟ್ಟಿದ್ದೆ ಅಣ್ಣ."

ಜಡ್ಜಮ್ಮ ತಿರುಗಿ ನೋಡದೆಯೇ ಹೇಳಿದರು: "ಅವನಿಗೇನೂ ಅನ್ಬೇಡ. ಕಾಡಿದ್ದು ನಾನು."

ಮೂರನೆಯ ಮೆಷಿನ್ನಿನ ಹೆಂಗಸಿನ ಮೂಲಕ ಅಲ್ಲ. ಕ್ಯಾಮೆರಾದ ಎದುರಲ್ಲ. ನೇರ ಸೊಸೆಗೆ.

"ಕಟ್ ಮಾಡು ಅಂತ ನಾನು ಅಂದಿದ್ನೋ, ಬರೀ ಅಂದ್ಕೊಂಡಿದ್ನೋ ಅಂತ ವರ್ಷದಿಂದ ತಲೆ ತಿಂತಿತ್ತು. ಅಂದೇ ಇದೀನಿ. ಚೆನ್ನಾಗೇ ಕೇಳ್ತಿದೆ."

"ಬೆರಳು ನಂದು ಅತ್ತೆ."

"ಬಾಯಿ ನಂದು ಕಣೇ."

"ನೀವು ಹೇಳದಿದ್ರೂ ಕಟ್ ಮಾಡ್ತಿದ್ದೆ. ಲೈವ್ ನಡೀತಿತ್ತಲ್ಲ."

"ಮತ್ಯಾಕೆ ಒಂದು ದಿನಾನಾದ್ರೂ ನನ್ನ ಬೈಲಿಲ್ಲ? ನಿಮ್ಮ ಬಾಯಿಂದಾನೇ ಹೋದ್ರು ಅಂತ? ಇವತ್ತು ಅಂತಾಳೆ, ನಾಳೆ ಅಂತಾಳೆ ಅಂತ ಕಾದೆ."

"ನಾನೂ ಕಾದೆ" ಎಂದಳು ಟೇಪಕ್ಕ. "ನಿನ್ನ ಬೆರಳಿಂದಾನೇ ಹೋದ ಅಂತೀರ ಅಂತ."

ಇಲ್ಲಿ ಇಬ್ಬರೂ ತಬ್ಬಿಕೊಂಡು ಅತ್ತರು ಎಂದು ಬರೆದರೆ ಬರೆಯುವವನಿಗೂ ಓದುವವರಿಗೂ ಹಗುರ. ಅವರು ಅಳಲಿಲ್ಲ. ಬೀದಿಯೆಲ್ಲ ಸಹಿ ಹಾಕಿದ ತೀರ್ಮಾನ ಒಂದು ಕಡೆ ಬಿತ್ತು, ಅವರಿಬ್ಬರೂ ಇನ್ನೊಂದು ಕಡೆ ಉಳಿದರು. ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದು ಒಂಬತ್ತು ಇಂಚಿನ ಬಿಳಿ ಜಿಪ್ಪು ಕೇಳಿದರು. ಹುಡುಕಿ ಕೊಟ್ಟು ತಿರುಗಿದಾಗ ಅತ್ತೆ ಸೊಸೆ ಹೋಗಿದ್ದರು. ಫೋನು ಗಲ್ಲಾದ ಮೇಲೆ ಕವುಚಿ ಬಿದ್ದಿತ್ತು.

ತಿಂಗಳು ಮುಗಿದ ಮಾರನೆಯ ದಿನ ಅದನ್ನು ನಾನೇ ಒಯ್ದುಕೊಟ್ಟೆ. ಟೇಪಕ್ಕ ತೆಗೆದುಕೊಂಡು ಮೂರನೆಯ ಮೆಷಿನ್ನಿನ ಹೆಂಗಸಿನ ಕೈಗೆ ಕೊಟ್ಟಳು. ಈಗ ವಿಡಿಯೋ ಮಾಡುವುದು ಆಕೆ. ಬಟ್ಟೆ ತೋರಿಸುತ್ತಾಳೆ, ಅಳತೆ ಹೇಳುತ್ತಾಳೆ, ನಗಿಸಲು ಬರುವುದಿಲ್ಲ. ನೋಡುವವರು ಮೊದಲಿನ ಕಾಲು ಭಾಗವೂ ಇಲ್ಲ. ಜಡ್ಜಮ್ಮ ಸ್ಟೂಲನ್ನು ಸ್ಟ್ಯಾಂಡಿಗೆ ಬೆನ್ನಾಗಿ ತಿರುಗಿಸಿಕೊಂಡಿದ್ದಾರೆ. ನನ್ನ ಮರದ ಗುಂಡಿಗಳು ಪೆಟ್ಟಿಗೆಯಲ್ಲೇ ಇವೆ.

ಹಲಗೆಯ ಆಚೆ ಈಗ ಮಾತು ಕೇಳಿಸುತ್ತದೆ. ಹೆಚ್ಚಿಲ್ಲ.

"ಕತ್ತರಿ."

"ತಗೊಳ್ಳಿ."

"ಈ ಹೊಲಿಗೆ ಸೊಟ್ಟ ಇದೆ."

"ಬಿಚ್ತೀನಿ ಅತ್ತೆ."

ಮೊದಲಾಗಿದ್ದರೆ ಇಲ್ಲಿಗೆ ಆ ಇರುವೆಯ ಮಾತು ಬರಬೇಕಿತ್ತು. ಬರುವುದಿಲ್ಲ. ಆ ನಗೆ ವಿಡಿಯೋದ ಆ ಕಂದು ಕೋಟಿನ ಜೊತೆಗೇ ಹೋಯಿತು.

ನಿನ್ನೆ ಮಧ್ಯಾಹ್ನ ಮೇಲಿನ ಮೆಟ್ಟಿಲಿಂದ ಮುದುಕಿಯ ದನಿ ಬಂತು. "ಊಟಕ್ಕೆ ಏನೇ?"

ಮೆಷಿನ್ನು ತಟ್ಟನೆ ನಿಂತಿತು. ಅರ್ಧ ಹೊಲಿಗೆಯಲ್ಲೇ ನಿಲ್ಲಿಸಿದ್ದಳು, ನನಗೆ ಶಬ್ದದಲ್ಲೇ ಗೊತ್ತಾಗುತ್ತದೆ.

"ಬಂದೆ ಅತ್ತೆ. ಬಂದೆ, ಬಂದೆ."

ಮೆಟ್ಟಿಲ ಮೇಲೆ ಅವಳು ಓಡುತ್ತಿದ್ದ ಸದ್ದು ಹಲಗೆಯ ಈಚೆಗೂ ಕೇಳಿಸಿತು.