ವೀರಗಲ್ಲುಗಳಿದ್ದ ರೂಮು

ಮೈಸೂರಿನ ನಮ್ಮ ಮನೆಯಲ್ಲಿ ಗಾಳಿ ನುಗ್ಗದ ಬೆಚ್ಚನೆಯ ರೂಮು ಇದ್ದದ್ದು ಒಂದೇ, ಮುಂದಿನದು. ಅದರಲ್ಲಿ ಕಲ್ಲುಗಳು ವಾಸವಾಗಿದ್ದವು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ಯಜಮಾನರು, ಅವರಂಥ ಒಂದಿಷ್ಟು ಮೇಷ್ಟ್ರುಗಳು, ವಕೀಲರು ಸೇರಿ ಪ್ರಾಚ್ಯವಸ್ತುಗಳ ಸಂಘ ಕಟ್ಟಿದರು. ಸಂಘಕ್ಕೆ ಹೆಸರಿತ್ತು, ಜಾಗ ಇರಲಿಲ್ಲ. ಮಂಡಕಳ್ಳಿ ಕಡೆ ಹೊಲ ಉಳುವಾಗ ಎದ್ದ ವೀರಗಲ್ಲೊಂದು ಎತ್ತಿನ ಗಾಡಿಯಲ್ಲಿ ನಮ್ಮ ಬಾಗಿಲಿಗೆ ಬಂತು.

"ಸ್ವಲ್ಪ ದಿನ ಇರ್ಲಿ ಕಣೇ, ಕಟ್ಟಡ ಸಿಕ್ಬುಡುತ್ತೆ" ಅಂದರು ಇವರು.

ಆಮೇಲೆ ಇನ್ನಷ್ಟು ವೀರಗಲ್ಲು, ಕೈ ಮುರಿದ ದೇವರು, ಮಡಕೆ ಚೂರು ಎಲ್ಲ ಬಂದ್ಬುಟ್ಟವು. ಬಾಗಿಲ ಮೇಲೆ ಮ್ಯೂಸಿಯಂ ಅಂತ ಬೋರ್ಡು ಬಿತ್ತು. ಭಾನುವಾರ ನೋಡಲು ಬಂದವರು "ಪುಣ್ಯವಂತರು ಕಣ್ರಮ್ಮ ನೀವು, ಮನೇಲೇ ಇತಿಹಾಸ" ಅಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇತಿಹಾಸದ ಕಸ ಗುಡಿಸೋರು ಯಾರು?

ಹೀಗೇ ವರ್ಷಗಳು ಕಳೆದವು. ಮಗಳು ಚೊಚ್ಚಲ ಬಾಣಂತನಕ್ಕೆ ಬರುವವಳಿದ್ದಳು. ಚಳಿಗಾಲದಲ್ಲೇ ದಿನ ತುಂಬುತ್ತಿತ್ತು.

"ರೀ, ಆ ಕಲ್ಲುಗಳನ್ನ ಹಿತ್ತಲ ಶೆಡ್ಡಿಗೆ ಹಾಕ್ಸಿ" ಅಂದೆ.

"ನನ್ನಿಷ್ಟಕ್ಕೆ ಜರುಗ್ಸೋ ಹಾಗಿಲ್ಲ. ಸಂಘದ ಸಭೇಲಿ ತೀರ್ಮಾನ ಆಗ್ಬೇಕು."

"ಸೇರಿಸಿ ಮತ್ತೆ!"

ಸೇರಿತು. ಚಕ್ಕುಲಿ ಕರಿದು ಕೊಟ್ಟೆ. ಯಾವುದೋ ಶಾಸನದ ಕಾಲದ ಬಗ್ಗೆ ಜಗಳವಾಡಿ ಎದ್ದು ಹೋದರು. ರೂಮಿನ ಮಾತು ಮುಂದಿನ ಸಭೆಗೆ ಅಂತಾಯಿತು. ಆ ಸಭೆಗೆ ಸಾಕಷ್ಟು ಜನವೇ ಬರಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ನನ್ನ ಗೋಳು. "ಮನೆಗೆ ಮಾರಿ, ಊರಿಗೆ ಉಪಕಾರಿ" ಅಂತ ಇವರ ಮುಖಕ್ಕೇ ಹೇಳಿದೆ. ನಕ್ಕರು.

ಮಗಳಿಗೆ ನಡುಮನೆಯಲ್ಲೇ ಹಾಸಿದೆ. ಮೇಲೆ ಬಯಲಾಗಿದ್ದ ತೊಟ್ಟಿಯಿಂದ ಗಾಳಿ ನೇರ ನುಗ್ಗುತ್ತಿತ್ತು. ಸೀರೆ ಕಟ್ಟಿ ಮರೆ ಮಾಡಿದೆ, ಕೆಂಡ ಇಟ್ಟೆ. ಗಂಡು ಮಗು. ಹೆಸರಿಡುವ ಮುಂಚೆಯೇ ಎದೆಗೆ ಶೀತ ಇಳಿದು ಕೂಸು ಹೋಗಿಬಿಟ್ಟಿತು. ಮಗುವೇ ಬಲಹೀನ, ಯಾರ ತಪ್ಪೂ ಅಲ್ಲ ಅಂದರು ಡಾಕ್ಟರು. ಇರಬಹುದು. ನನಗೆ ಅಳು ಬರಲಿಲ್ಲ. ಅನ್ನ ಬಸಿದೆ, ಹಂಡೆಗೆ ನೀರು ತುಂಬಿದೆ, ಹಾಲು ಬತ್ತಲಿ ಅಂತ ಮಗಳ ಎದೆಗೆ ಮಲ್ಲಿಗೆ ಹೂವು ಕಟ್ಟಿದೆ. ಏನೂ ಅನ್ನಿಸುತ್ತಲೇ ಇರಲಿಲ್ಲ.

ಅದೇ ವಾರ ಒಂದು ಬೆಳಗ್ಗೆ ಇವರು ಆಳುಗಳನ್ನು ಕರೆಸಿ ಕಲ್ಲುಗಳನ್ನೆಲ್ಲ ಶೆಡ್ಡಿಗೆ ಸಾಗಿಸಿದರು. ಯಾವ ಸಭೆಯೂ ಸೇರಲಿಲ್ಲ. ಊಟದ ಹೊತ್ತಿಗೆಲ್ಲ ಮುಗಿದೇ ಹೋಯಿತು. ಸುಣ್ಣವನ್ನೂ ಹೊಡೆಸಿ "ಬಾ, ನೋಡು" ಅಂತ ಕರೆದರು. ನಾನು ಒಲೆ ಮುಂದಿನಿಂದ ಏಳಲಿಲ್ಲ.

ಮುಂದೆ ಸಂಘಕ್ಕೆ ಸ್ವಂತ ಕಟ್ಟಡವಾಯಿತು. ಉದ್ಘಾಟನೆಯ ದಿನ ಇವರಿಗೆ ಹಾರ ಹಾಕಿ, ಮನೆಯನ್ನೇ ಬಿಟ್ಟುಕೊಟ್ಟ ಮಹನೀಯರು ಅಂದರು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ.

ಆ ವರ್ಷವೇ ಮಗಳು ಮತ್ತೆ ಬಸುರಿಯಾದಳು. ಹೂವು ಹಣ್ಣು ಹಿಡಿದು ಅವಳ ಗಂಡನ ಮನೆಗೆ ಕರೆಯಲು ಹೋದೆ. ಅವರೆಕಾಳು ಹಿತುಕುತ್ತಾ ಕೂತಿದ್ದಳು.

"ಮುಂದಿನ ರೂಮು ಖಾಲಿ ಇದೆ ಕಣಮ್ಮ, ಬಾ" ಅಂದೆ.

ಅವಳು ತಲೆ ಎತ್ತಲಿಲ್ಲ.

"ನಾನು ಇಲ್ಲೇ ಅತ್ತೆ ಹತ್ರ ಇರ್ತೀನಿ ಕಣಮ್ಮ" ಅಂದಳು. "ನೀನೇ ಬೇಕಾದ್ರೆ ಬಂದು ನೋಡ್ಕೊಂಡು ಹೋಗು."