ಅಂಗೈಯ ಜೇನು

ನಮ್ಮ ಮಾವನ ಬಲ ಅಂಗೈಯಲ್ಲಿ ಒಂದು ತಗ್ಗು ಇತ್ತು. ಹುಟ್ಟಿನಿಂದ ಬಂದದ್ದಲ್ಲ. ಹಾನಗಲ್ಲ ಕಡೆಯ ಭತ್ತದ ಗದ್ದೆಗಳಲ್ಲಿ ಆಯುಷ್ಯವಿಡೀ ನೇಗಿಲ ಮೇಳಿ ಹಿಡಿದು ಸುತ್ತಲಿನ ಚರ್ಮ ದಡ್ಡುಗಟ್ಟಿ, ನಡುವಿನ ಜಾಗ ಮಾತ್ರ ಕುಳಿಯಾಗಿ ಉಳಿದಿತ್ತು. ಅದರಲ್ಲಿ ಒಂದು ಚಮಚ ನೀರು ಹನಿಯೂ ಚೆಲ್ಲದೆ ನಿಲ್ಲುತ್ತಿತ್ತು. ಬಿತ್ತುವ ಬೀಜ ನೋಡುವುದಕ್ಕೆ, ಎಲೆಗೆ ಹಚ್ಚುವ ಸುಣ್ಣಕ್ಕೆ, ಔಷಧ ಕಲಸುವುದಕ್ಕೆ, ಎಲ್ಲಕ್ಕೂ ಅವರಿಗೆ ಅದೇ ಬಟ್ಟಲು. ನಾನು ಸ್ಟೀಲಿನ ವಾಟಗ ತಂದು ಮುಂದಿಟ್ಟರೆ ನಗುತ್ತಿದ್ದರು. “ದೇವ್ರು ಕೊಟ್ಟಿದ್ದು ಕೈಯಾಗ ಐತಿ, ಮತ್ತ ನೀ ಅದನ್ನ ತೊಳಿಯೂದು ಯಾಕವಾ?” ಈಗ ಅವರನ್ನು ನೆನೆದರೆ ಮುಖಕ್ಕಿಂತ ಮೊದಲು ಕಣ್ಣಿಗೆ ಬರುವುದು ಆ ಅಂಗೈ. ಅದರ ಮೇಲೆ ನನಗೆ ಪ್ರೀತಿಯೂ ಇದೆ, ಇಂದಿಗೂ ಹೋಗದ ಒಂದು ಹೆದರಿಕೆಯೂ ಇದೆ.

ಅತ್ತೆ ತೀರಿಕೊಂಡ ಮೇಲೆ ಅವರು ಶಿಗ್ಗಾಂವದ ನಮ್ಮ ಬಾಡಿಗೆ ಮನೆಗೆ ಬಂದರು. ನಾನು ಇಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನನ್ನ ಗಂಡ ಕಾಳಿನ ದಲಾಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಆಗ ನಮಗೆ ನಾಲ್ಕು ತುಂಬದ ಮಗಳೊಬ್ಬಳು. ಮಾವ ಊರಿನಿಂದ ತಂದದ್ದು ಒಂದು ಕಂಬಳಿ, ಒಂದು ಕೊಡಲಿ, ಒಂದು ತಗಡಿನ ಡಬ್ಬಿ. ಪೇಟೆಯ ಮನೆಗೆ ಕೊಡಲಿ ಯಾಕೆಂದು ಕೇಳಿದರೆ “ಇರ್ಲಿ, ಹಾವು ಗೀವು ಬಂದ್ರ?” ಎಂದರು. ಹೆದ್ದಾರಿಯ ಲಾರಿಗಳ ಸದ್ದಿಗೆ ನಮ್ಮ ಓಣಿಯಲ್ಲಿ ನಾಯಿಯೂ ನಿಲ್ಲುತ್ತಿರಲಿಲ್ಲ, ಇನ್ನು ಹಾವೆಲ್ಲಿಂದ ಬರಬೇಕು! ಕೂಸಿನ ಕೈಗೆ ಸಿಗಬಾರದೆಂದು ಕೊಡಲಿಯನ್ನು ಅಟ್ಟಕ್ಕೆ ಹಾಕಿದೆವು. ಡಬ್ಬಿಯನ್ನು ದೇವರ ಮಾಡದ ಪಕ್ಕದಲ್ಲಿ ಇಟ್ಟೆವು. ಯಾವುದಕ್ಕೆ ಹೆದರಬೇಕೆಂದು ನಮಗೆ ತಿಳಿದಿದ್ದದ್ದು ಅಷ್ಟೇ.

ಡಬ್ಬಿಯಲ್ಲಿದ್ದದ್ದು ಅವರ ಸಕ್ಕರೆ ಕಾಯಿಲೆಯ ಪುಡಿ. ಹಿರೇಕೆರೂರ ಕಡೆಯ ಒಂದು ಹಳ್ಳಿಯಲ್ಲಿ ಬೇವಿನ ಮರದ ಕೆಳಗೆ ಮಂಚ ಹಾಕಿಕೊಂಡು ಕೂರುವ ವೈದ್ಯನೊಬ್ಬ ಅದನ್ನು ಕೊಡುತ್ತಿದ್ದ. ಬೇರು, ತೊಗಟೆ, ಬೀಜ, ಬೇರೇನೂ ಇಲ್ಲ ಎಂದು ಅವನ ಮಾತು. ಪುಡಿ ಶುರುವಾದ ಮೇಲೆ ಮಾವನ ಸಕ್ಕರೆ ನಿಜಕ್ಕೂ ಇಳಿದಿತ್ತು. ಡಾಕ್ಟರು ಬರೆದುಕೊಟ್ಟಿದ್ದ ಮಾತ್ರೆಗಳನ್ನು ಅವರು ಗದ್ದೆಯ ಕಾಲುವೆಗೆ ಎಸೆದಿದ್ದರು. ಆಮೇಲೆ ಅವರ ಬಾಯಲ್ಲಿ ಪುಡಿಯ ಮಾತು ಬಿಟ್ಟು ಬೇರೆ ಮಾತಿಲ್ಲ. ಬಸ್ಸಿನಲ್ಲಿ ಪಕ್ಕ ಕುಳಿತವರಿಗೆ, ಸವಣೂರಿನಲ್ಲಿ ವೀಳ್ಯದೆಲೆ ಮಾರುವವರಿಗೆ, ಮದುವೆ ಮನೆಯಲ್ಲಿ ಬೀಗರಿಗೆ, “ಸಕ್ರಿ ಬ್ಯಾನಿ ಐತೇನ್ರಿ ನಿಮಗ?” ಎಂದು ಕೇಳುವುದೇ ಅವರ ನಮಸ್ಕಾರ. ಯಲವಿಗಿಯ ತಮ್ಮ ಬಾಲ್ಯದ ಗೆಳೆಯರೊಬ್ಬರನ್ನಂತೂ ತಾವೇ ಕೈ ಹಿಡಿದು ಆ ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿದ್ದರು.

ಹಾಗೆಂದು ಅವರು ಏನನ್ನೂ ಕಣ್ಣು ಮುಚ್ಚಿ ನಂಬುವವರಲ್ಲ. ದನಗಳ ಔಷಧ ಅವರಿಗೆ ಗೊತ್ತಿತ್ತು. ಹೊಟ್ಟೆ ಉಬ್ಬಿದ ಎತ್ತಿಗೆ ಬಿದಿರಿನ ಗೊಟ್ಟದಲ್ಲಿ ಕಷಾಯ ಕುಡಿಸುವ ಮೊದಲು ತಾವೊಂದು ಗುಟುಕು ನುಂಗಿ ಸ್ವಲ್ಪ ಹೊತ್ತು ಕಾಯುತ್ತಿದ್ದರಂತೆ. “ಬಾಯಿಲ್ಲದ್ದಕ್ಕ ಏನರ ಕೊಡೂಕಿಂತ ಮೊದ್ಲ ನಾವು ನುಂಗಿ ನೋಡಬೇಕು. ಹೊಟ್ಟಿ ನೋಯಾಕತ್ತೇತಿ ಅಂತ ಅದಕ್ಕ ಹೇಳಾಕ ಬರೂದಿಲ್ಲ.” ಈ ಮಾತನ್ನು ಎಷ್ಟು ಸಲ ಹೇಳುತ್ತಿದ್ದರೆಂದರೆ, ನಮ್ಮ ಮಗಳು ಗೊಂಬೆಗೆ ಉಣ್ಣಿಸುವಾಗಲೂ ಮೊದಲ ತುತ್ತು ತಾನೇ ತಿನ್ನುತ್ತಿದ್ದಳು.

ದಿನಕ್ಕೆರಡು ಸಲ, ಬೆಳಗ್ಗೆ ಎದ್ದ ಕೂಡಲೇ ಮತ್ತು ರಾತ್ರಿ ಊಟದ ಮೊದಲು, ಮಾವ ಕಟ್ಟೆಯ ಮೇಲೆ ಕುಳಿತು ಅಂಗೈಯ ತಗ್ಗಿಗೆ ಪುಡಿ ಹಾಕಿ, ಮೇಲೆ ಜೇನು ಬಿಟ್ಟು, ಎಡಗೈಯ ಬೆರಳಿನಿಂದ ಕಲಸಿ ನೆಕ್ಕುತ್ತಿದ್ದರು. ಸಕ್ಕರೆ ಕಾಯಿಲೆಯವರಿಗೆ ಜೇನು ಯಾಕೆಂದರೆ ವೈದ್ಯ ಹೇಳಿದ್ದಾನೆ ಎಂದಷ್ಟೇ ಉತ್ತರ. ಮಗಳು ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ಕಾಯುತ್ತಿದ್ದಳು. ತಳದಲ್ಲಿ ಉಳಿದ ಜೇನು ಅವಳ ಪಾಲು. ಅಜ್ಜನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಕರು ಉಪ್ಪು ನೆಕ್ಕಿದ ಹಾಗೆ ನೆಕ್ಕಿ ಮುಗಿಸುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ನೋಡಿ ನಗುತ್ತಿದ್ದೆ. ಫೋಟೋ ಕೂಡ ತೆಗೆದಿದ್ದೇನೆ. ಅದು ಇನ್ನೂ ನನ್ನ ಫೋನಿನಲ್ಲಿದೆ. ಅಳಿಸಲೂ ಆಗಿಲ್ಲ, ತೆರೆದು ನೋಡಲೂ ಆಗಿಲ್ಲ.

ಮಾವ ಬಂದ ಮೊದಲ ಚಳಿಗಾಲದಲ್ಲಿ ಒಂದು ಬೆಳಗ್ಗೆ ಮಗಳು ಏಳಲಿಲ್ಲ. ಎತ್ತಿಕೊಂಡರೆ ಕುತ್ತಿಗೆ ಜೋಲುತ್ತಿತ್ತು. ಮೈಯೆಲ್ಲ ತಣ್ಣನೆಯ ಬೆವರು. ಕಣ್ಣು ತೆರೆದಿದ್ದರೂ ನನ್ನನ್ನು ಗುರುತಿಸಲಿಲ್ಲ. ಊರಿನ ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದ ನರ್ಸ್, ಯಂತ್ರ ಕೆಟ್ಟಿದೆ ಎಂದುಕೊಂಡು ಇನ್ನೊಂದು ತಂದರು. ಅದೂ ಅಷ್ಟನ್ನೇ ತೋರಿಸಿತು. ರಕ್ತದಲ್ಲಿ ಸಕ್ಕರೆಯೇ ಇಲ್ಲ ಎನ್ನುವಷ್ಟು ಕಡಿಮೆ. ಗ್ಲೂಕೋಸ್ ಏರಿಸಿದ ಮೇಲೆ ಎದ್ದು ಕುಳಿತು ಬಿಸ್ಕೀಟು ಕೇಳಿದಳು. ಹುಬ್ಬಳ್ಳಿಗೆ ಒಯ್ದೆವು. ಅಲ್ಲಿದ್ದಷ್ಟು ದಿನ, ಉಪವಾಸ ಇಟ್ಟು ನೋಡಿದರೂ ಸಕ್ಕರೆ ಇಳಿಯಲಿಲ್ಲ. ಮನೆಗೆ ಬಂದೆವು, ಸಂಕ್ರಾಂತಿ ಕಳೆಯುವುದರೊಳಗೆ ಮತ್ತೆ ಅದೇ ಬೆವರು, ಅದೇ ಕಣ್ಣು. ಆಸ್ಪತ್ರೆಯಲ್ಲಿ ಚೆನ್ನಾಗಿರುವ ಕೂಸು ಮನೆಗೆ ಬಂದರೆ ಯಾಕೆ ಬೀಳುತ್ತದೆ? “ನಿಮ್ಮ ಮನ್ಯಾಗ ಏನೋ ಐತ್ರಿ ಅಕ್ಕಾರ” ಎಂದರು ಓಣಿಯ ಹೆಂಗಸರು. ಅವರು ಹೇಳಿದ್ದು ದೆವ್ವದ ಮಾತು. ನಾನು ಸಿಟ್ಟಿನಿಂದ ಬಾಗಿಲು ಹಾಕಿಕೊಂಡೆ.

ಎರಡನೆಯ ಸಲ ಹೋದಾಗ ಹುಬ್ಬಳ್ಳಿಯ ಡಾಕ್ಟರು ನಮ್ಮನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು. “ಮನ್ಯಾಗ ಶುಗರ್ ಮಾತ್ರೆ ಯಾರರ ತಗೋತೀರೇನು? ಕೂಸು ಕೈಗೆ ಸಿಕ್ಕಿದ್ದು ಬಾಯಿಗೆ ಹಾಕ್ಕೊಂಡಿರಬಹುದು.” ನಾವು ಬಾಯಿ ತೆರೆಯುವ ಮೊದಲೇ, ಅಂದು ಮೊಮ್ಮಗಳನ್ನು ನೋಡಿಹೋಗಲು ಬಂದಿದ್ದ ಮಾವ ಎದೆ ಸೆಟೆಸಿ ಹೇಳಿದರು: “ನಮ್ಮ ಮನ್ಯಾಗ ಮಾತ್ರಿ ಅನ್ನೂದ ಇಲ್ರಿ ಸಾಹೇಬ್ರ. ಬೇಕಾದ್ರ ಬಂದು ಹುಡುಕಿ ನೋಡ್ರಿ.” ನಾವಿಬ್ಬರೂ ಹೌದೆಂದು ತಲೆಯಾಡಿಸಿದೆವು. ಅದು ಸುಳ್ಳೇನಲ್ಲ. ಪುಡಿ ನಮ್ಮ ಲೆಕ್ಕದಲ್ಲಿ ಔಷಧವೇ ಆಗಿರಲಿಲ್ಲ. ಉಪ್ಪಿನಕಾಯಿ, ಹುಣಸೆಹಣ್ಣಿನ ಹಾಗೆ ಮನೆಯ ಒಂದು ಸಾಮಾನು. ಹೊರಡುವಾಗ ಡಾಕ್ಟರು, ಕೂಸಿಗೆ ಆಗಾಗ ಸಿಹಿ ಕೊಡುತ್ತಿರಿ ಎಂದರು. ಮಾವನ ಮುಖ ಅರಳಿತು. ಅಂದಿನಿಂದ ಅಂಗೈಗೆ ಬೀಳುವ ಜೇನು ಹೆಚ್ಚಾಯಿತು. ತಾವು ಅರ್ಧಕ್ಕೆ ನಿಲ್ಲಿಸಿ ಉಳಿದದ್ದನ್ನು ಅವಳಿಗೆ ಬಿಡತೊಡಗಿದರು.

ಮತ್ತೊಮ್ಮೆ ಬಿದ್ದಾಗ, ಅದೇ ಹೊತ್ತಿನಲ್ಲಿ ತೆಗೆದ ರಕ್ತದಲ್ಲಿ ಇನ್ಸುಲಿನ್ ಮಿತಿಮೀರಿ ಇರುವುದು ಕಂಡಿತು. ಡಾಕ್ಟರು ಬೆಂಗಳೂರಿಗೆ ಬರೆದುಕೊಟ್ಟರು. ಹೊಟ್ಟೆಯೊಳಗಿನ ಒಂದು ಗ್ರಂಥಿಯನ್ನು ಪರೀಕ್ಷಿಸಬೇಕು, ತೀರಾ ಅನಿವಾರ್ಯವಾದರೆ ಅದನ್ನು ಸ್ವಲ್ಪ ಕೊಯ್ದು ತೆಗೆಯಬೇಕಾದೀತು ಎಂದರು. ಆ ಮಾತು ಕೇಳಿದ ದಿನದಿಂದ ನನ್ನ ಗಂಡನಿಗೆ ಊಟ ಸೇರದಾಯಿತು.

“ಇಷ್ಟ ಸಣ್ಣ ಕೂಸಿನ ಹೊಟ್ಟಿ ಕೊಯ್ಸಿ, ಆಮ್ಯಾಲ ಅದಲ್ಲ ಅಂದ್ರ?” ಎನ್ನುತ್ತಿದ್ದರು.

“ಹಿಂಗ ಬಿಟ್ಟು, ಒಂದಿನ ಏಳಲಿಲ್ಲಂದ್ರ?” ಎನ್ನುತ್ತಿದ್ದೆ ನಾನು.

ಅಷ್ಟರಲ್ಲಿ ಸವಣೂರಿನಿಂದ ಸಾಬೂದಾಣಿಯಂಥ ಬಿಳಿ ಗುಳಿಗೆ ತಂದು ನೋಡಿದೆವು. ಹುಲಗೂರ ದರ್ಗಾಕ್ಕೆ ಹೋಗಿ ಕೈಗೆ ದಾರ ಕಟ್ಟಿಸಿದೆವು. ನಾನು ಕಲಿತವಳು, ನಿಜ. ಮಗಳ ಕುತ್ತಿಗೆ ನನ್ನ ತೋಳಿನ ಮೇಲೆ ಜೋತುಬಿದ್ದ ಮೇಲೆ ಆ ಕಲಿತದ್ದೆಲ್ಲ ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ. ಕೊನೆಗೆ ತೀರ್ಮಾನ ಹೇಳಿದವರು ಮಾವ.

“ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಂಗಾತು ನಿಮ್ಮದು. ಏರಿದ್ದನ್ನ ಇಳಿಸಿದಂವಗ ಇಳಿದಿದ್ದನ್ನ ಏರಿಸೂದು ಏನು ದೊಡ್ಡದು? ಶ್ರಾವಣ ಸೋಮವಾರ ಶುರು ಮಾಡೂಣು. ಒಂದ ತಿಂಗಳು ನೋಡ್ರಿ. ಆಗಲಿಲ್ಲಂದ್ರ ಬೆಂಗಳೂರಿಗೆ ನಾನೂ ಬರ್ತೇನಿ.”

ನಾವು ಒಪ್ಪಿದೆವು. ಒಂದು ತಿಂಗಳು ತಡವಾದರೆ ಏನು ಮಹಾ ಆದೀತು ಎಂದುಕೊಂಡೆವು. ಮಾವ ಬಸ್ಸು ಹತ್ತಿ ಹೋಗಿ ಕೂಸಿಗೆಂದು ಬೇರೆಯೇ ಒಂದು ಪೊಟ್ಟಣ ತಂದರು. ಅವರದೇ ಪುಡಿ, ಆದರೆ ವೈದ್ಯ ಇನ್ನಷ್ಟು ಖಡಕ್ಕಾಗಿ ಮಾಡಿಕೊಟ್ಟಿದ್ದಾನಂತೆ; ಏರಿದ್ದರೆ ಇಳಿಸುತ್ತದೆ, ಇಳಿದಿದ್ದರೆ ಏರಿಸುತ್ತದೆ ಎಂದನಂತೆ. ಬಣ್ಣವೂ ಹೆಚ್ಚು ಕಪ್ಪು. ಖಾಲಿ ಹೊಟ್ಟೆಗೆ ಒಂದು ಚಮಚ ಕೊಡಬೇಕು.

ಆ ಸೋಮವಾರ ಮಾವ ನಸುಕಿನಲ್ಲೇ ಎದ್ದು ತಣ್ಣೀರು ಸ್ನಾನ 
ಮಾಡಿ ಉಪವಾಸ ಹಿಡಿದರು. ಎಂದಿನಂತೆ ತಮ್ಮ ಪುಡಿ ತೆಗೆದುಕೊಂಡರು. ಆಮೇಲೆ ಕೂಸಿನ ಪೊಟ್ಟಣ ಬಿಚ್ಚಿ ಅದರಿಂದಲೂ ಒಂದು ಚಮಚ ಕಲಸಿ ನೆಕ್ಕಿದರು. ಮಗಳು ತನ್ನ ಪಾಲಿಗಾಗಿ ಬಂದು ಕುಳಿತಳು. ಮಾವ ಅಂಗೈ ಮುಚ್ಚಿಕೊಂಡರು. “ತಡಿಯವಾ. ಇದು ಹೊಸಾದು ಐತಿ, ಮೊದ್ಲ ನಾ ನುಂಗೇನಿ. ಬಿಸಲು ಕಟ್ಟಿಗಿ ಬರ್ಲಿ, ಆಮ್ಯಾಲ ನಿನಗ.” ಮಗಳು ಮುಖ ಊದಿಸಿಕೊಂಡು ಅಲ್ಲೇ ಕುಳಿತಳು.

ಬಿಸಿಲು ಕಟ್ಟೆಗೆ ಬಂದಾಗ ನಾನು ಪುಡಿ ತುಂಬಿದ ಚಮಚ ಹಿಡಿದುಕೊಂಡು ಹೊರಗೆ ಬಂದೆ. ಗಂಡ ಅಂಗಡಿಗೆ ಹೋಗಿದ್ದರು. ಮಾವ ಗೋಡೆಗೆ ಒರಗಿದ್ದರು. ಅಂಗಿ ಮೈಗೆ ಅಂಟಿತ್ತು. “ಮಾವಾರ, ಇನ್ನ ಕೊಡ್ಲೇನ್ರಿ?” ಎಂದೆ. ಅವರು ನನ್ನ ಕಡೆ ನೋಡಿ “ಎತ್ತು ಬಿಚ್ಚೀರೇನು?” ಎಂದರು. ಎತ್ತು ಮಾರಿ ಎಷ್ಟೋ ವರ್ಷವಾಗಿತ್ತು. ಹಣೆ ಮುಟ್ಟಿದೆ. ತಣ್ಣನೆಯ ಬೆವರು. ಆ ಬೆವರಿನ ಪರಿಚಯ ನನಗಿತ್ತು, ಆ ಕಣ್ಣಿನದೂ ಇತ್ತು.

ಮಗಳಿಗಾಗಿ ಇಟ್ಟುಕೊಂಡಿದ್ದ ಸಕ್ಕರೆ ನೋಡುವ ಯಂತ್ರ ತಂದೆ. ಬೆರಳು ಚುಚ್ಚಲು ಅವರ ಬಿಗಿದ ಮುಷ್ಟಿ ಬಿಡಿಸಿದೆ. ತಗ್ಗಿನಲ್ಲಿ ಕಪ್ಪು ಜೇನು ಹಾಗೇ ಉಳಿದಿತ್ತು. ಪಕ್ಕದಿಂದ ಮಗಳ ತಲೆ ಬಾಗಿ ಬಂತು, ನಾಲಿಗೆ ಚಾಚಿ. “ಅದು ನಂದವಾ. ಅಜ್ಜ ನನಗ ಇಟ್ಟಾನ.” ಅಷ್ಟರಲ್ಲಿ ಯಂತ್ರದಲ್ಲಿ ಅಂಕಿ ಮೂಡಿತು. ಸಕ್ಕರೆ ಕಾಯಿಲೆಯ ಮುದುಕನ ರಕ್ತದಲ್ಲಿ ನನ್ನ ಮಗಳ ಅಂಕಿ. ಆಸ್ಪತ್ರೆಯಲ್ಲಿ ಅವಳು ಯಾಕೆ ಚೆನ್ನಾಗಿರುತ್ತಿದ್ದಳೆಂದು ಆಗ ತಿಳಿಯಿತು. ಅಲ್ಲಿ ಈ ಕೈ ಇರಲಿಲ್ಲ. ನಾನು ಮಗಳನ್ನು ಎಷ್ಟು ಜೋರಾಗಿ ದೂಡಿದೆನೆಂದರೆ ಅವಳು ಕಟ್ಟೆಯಿಂದ ಕೆಳಗೆ ಬಿದ್ದು ಅಳತೊಡಗಿದಳು. ಎತ್ತಿಕೊಳ್ಳಲು ಹೋಗಲಿಲ್ಲ. ಹುಬ್ಬಳ್ಳಿಯಲ್ಲಿ ಹೇಳಿಕೊಟ್ಟಿದ್ದ ಹಾಗೆ ಮಾವನ ಒಸಡಿಗೆ ಸಕ್ಕರೆ ತಿಕ್ಕುತ್ತಾ ಆಂಬುಲೆನ್ಸಿಗೆ ಕೂಗಿಕೊಂಡೆ.

ಅವರು ಉಳಿದರು. ಪುಡಿಯನ್ನು ಪರೀಕ್ಷೆಗೆ ಕಳಿಸಿದಾಗ, ಅದರಲ್ಲಿ ಸಕ್ಕರೆ ಇಳಿಸುವ ಮಾತ್ರೆಗಳನ್ನೇ ಅರೆದು ಬೆರೆಸಿದ್ದಾರೆಂದು ಗೊತ್ತಾಯಿತು. ಮಗಳ ರಕ್ತದಲ್ಲಿ ಇನ್ಸುಲಿನ್ ಏರಿಸಿದ್ದೂ ಅವೇ. ಮಗಳು ಮತ್ತೆ ಒಂದು ದಿನವೂ ಬೀಳಲಿಲ್ಲ. ದೂರು ಕೊಟ್ಟೆವು. ವೈದ್ಯ ಕೆಲವು ದಿನ ಕಾಣದಾದ. ಆಮೇಲೆ ಇನ್ನೊಂದು ಊರಿನ ಇನ್ನೊಂದು ಮರದ ಕೆಳಗೆ ಮಂಚ ಹಾಕಿದ್ದಾನೆಂದು ಸುದ್ದಿ ಬಂತು.

ಮಾವನಿಗೆ ವಿಷಯ ಹೇಳಿದವರು ನನ್ನ ಗಂಡ. ಮಾವ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. “ನಾ ದಿನಾ ನುಂಗತಿದ್ನೆಲ್ಲೋ. ನನಗೇನೂ ಆಗಿರಲಿಲ್ಲಲ್ಲೋ” ಎಂದರು, ಅಷ್ಟೇ. ಮನೆಗೆ ಬಂದ ಮೇಲೆ ಆ ಕೈ ತೆರೆದದ್ದನ್ನು ನಾನು ಕಂಡದ್ದು ಊಟದ ಹೊತ್ತಿನಲ್ಲಿ ಮಾತ್ರ. ಉಳಿದಂತೆ ಸದಾ ಮುಷ್ಟಿ. ಮೊಮ್ಮಗಳಿಗೆ ಒಂದು ಕಡಲೆಕಾಳನ್ನೂ ಕೈಯಿಂದ ಕೊಡಲಿಲ್ಲ. ಅವಳು ಬೆರಳು ಹಿಡಿದು ಎಳೆದು “ಕೈ ತೋರ್ಸಜ್ಜಾ” ಎಂದರೆ “ಮುಳ್ಳು ಮುರದೈತವಾ ಒಳಗ, ಬ್ಯಾಡ” ಎನ್ನುತ್ತಿದ್ದರು. ಡಾಕ್ಟರ ಮಾತ್ರೆಗಳನ್ನು ಹೊತ್ತುಹೊತ್ತಿಗೆ ನುಂಗುತ್ತಿದ್ದರು.

ಬಲ ಬಂದ ಕೂಡಲೇ ಅವರು ಮಾಡಿದ ಕೆಲಸವೆಂದರೆ ತಿರುಗಾಟ. ಯಾರು ಯಾರಿಗೆ ಪುಡಿಯ ಮಾತು ಹೇಳಿದ್ದರೋ ಅವರ ಮನೆಗಳಿಗೆಲ್ಲ ಹೋದರು. ಕೆಲವರು ಬಿಟ್ಟರು. ಕೆಲವರು ನಕ್ಕರು. ಯಲವಿಗಿಯ ಗೆಳೆಯರು ಚಹಾ ಕುಡಿಸಿ, ಎಲ್ಲ ಕೇಳಿ, ತಲೆಯಾಡಿಸಿ ಕಳಿಸಿದರಂತೆ. ಒಂದು ಸಂಜೆ ಬಂದವರು ಚಪ್ಪಲಿಯನ್ನೂ ಬಿಡದೆ ಕಟ್ಟೆಯ ಮೇಲೆ ಕುಳಿತರು. “ಮನೀ ಗೊತ್ತಿದ್ದವರಿಗೆ ಹೇಳಿ ಬಂದೆ. ಬಸ್ಸಿನ್ಯಾಗ ಹೇಳಿದ್ನೆಲ್ಲ, ಅವರನ್ನ ಎಲ್ಲಿ ಹುಡುಕ್ಲೆವ್ವಾ? ಅವರ ಮನ್ಯಾಗೂ ಕೂಸು ಇರತಾವ.” ನಾನು ನೀರಿನ ತಂಬಿಗೆ ತಂದು ಮುಂದಿಟ್ಟೆ. ಅವರು ಅದನ್ನು ಮುಟ್ಟದೆ ಅಂದರು: “ನಾ ಹ್ವಾದ ಮ್ಯಾಲ ನೀ ಹೇಳವಾ. ನೀ ಸಾಲಿ ಕಲ್ತಾಕಿ, ನಿನ್ನ ಮಾತು ಕೇಳತಾರ.”

ಅವರ ಮೇಲೆ ನಿನಗೆ ಸಿಟ್ಟು ಬರಲಿಲ್ಲವೇ ಎಂದು ನನ್ನ ತವರಿನವರು ಕೇಳುತ್ತಾರೆ. ಬಂದಿತ್ತು, ಬಹಳ ಬಂದಿತ್ತು. ಆದರೆ ಆ ಸೋಮವಾರ ಚಮಚ ಇದ್ದದ್ದು ನನ್ನ ಕೈಯಲ್ಲಿ. ಅವರು ತಾವು ಮೊದಲು ನುಂಗದೆ ಇದ್ದಿದ್ದರೆ ಅದನ್ನು ಮಗಳ ಬಾಯಿಗೆ ನಾನೇ ಹಾಕುತ್ತಿದ್ದೆ. ಈಗಲೂ ಅವಳು ಬೆಳಗ್ಗೆ ಸ್ವಲ್ಪ ಹೆಚ್ಚು ಮಲಗಿದರೆ ನಾನು ಹೋಗಿ ಅವಳ ಹಣೆ ಒಣಗಿದೆಯೇ ಎಂದು ಮುಟ್ಟಿ ನೋಡುತ್ತೇನೆ.

ಹೋದ ಬೇಸಿಗೆಯಲ್ಲಿ ಮಾವ ಮಲಗಿದಲ್ಲೇ ತೀರಿಕೊಂಡರು. ಬಲಗೈ ಆಗಲೂ ಬಿಗಿದಿತ್ತು. ಯಾರೂ ತಡೆಯುವ ಮೊದಲೇ ಮಗಳು ಹತ್ತಿರ ಕುಳಿತು ಒಂದೊಂದೇ ಬೆರಳು ಬಿಡಿಸಿ, ತಗ್ಗಿನ ಮೇಲೆ ಕೈಯಾಡಿಸಿ, ನನ್ನ ಕಡೆ ನೋಡಿ ಹೇಳಿದಳು: “ಮುಳ್ಳು ಇಲ್ಲವ್ವಾ.”

ಅವರ ದಿವಸದ ಊಟಕ್ಕೆ ಯಲವಿಗಿಯ ಗೆಳೆಯರು ಬಂದಿದ್ದರು. ತೊಡೆಯ ಮೇಲೆ ಪುಟ್ಟ ಮೊಮ್ಮಗಳು. ನಾನು ಪಂಕ್ತಿಯಲ್ಲಿ ಗೋಧಿ ಹುಗ್ಗಿ ಬಡಿಸುತ್ತಾ ಬರುತ್ತಿದ್ದೆ. ಅವರು ಅಂಗಿಯ ಜೇಬಿನಿಂದ ಒಂದು ಪೊಟ್ಟಣ ತೆಗೆದರು, ಅಂಗೈಗೆ ಸುರಿದುಕೊಂಡರು, ಎಲೆಯಲ್ಲಿದ್ದ ಹುಗ್ಗಿಯ ಹಾಲನ್ನು ಬೆರಳಿನಿಂದ ತೆಗೆದು ಕಲಸಿದರು. ಕೂಸು ಅಜ್ಜನ ಕೈಯನ್ನೇ ನೋಡುತ್ತಾ ಕಾಯುತ್ತಿತ್ತು. ನಾನು ಪಾತ್ರೆ ನೆಲಕ್ಕಿಟ್ಟು ಅವರ ಮಣಿಕಟ್ಟು ಹಿಡಿದೆ. ಅವರು ತಲೆಯೆತ್ತಿ, ಬೇಸರವಿಲ್ಲದೆ, ನನಗೇ ಸಮಾಧಾನ ಹೇಳುವವರ ಹಾಗೆ ಅಂದರು:

“ಯಾಕವಾ, ನಿಮ್ಮ ಮಾವನೇ ಹೇಳಿದ ಔಷಧ ಐತಿದು.”

“ಹೌದ್ರಿ” ಎಂದೆ. ಕೈ ಬಿಡಲಿಲ್ಲ.