ಪಕ್ಕದಲ್ಲಿ ಯಾರಿದ್ದರು

ಆ ಸಂಶೋಧನಾ ಸಂಸ್ಥೆಯ ಆಫೀಸಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಕತ್ತರಿ ಮೇಡಂ ಎಂದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಜನರ ಸಂದರ್ಶನಗಳನ್ನು ಟೈಪು ಮಾಡಿಸಿ, ಜೆರಾಕ್ಸ್ ತೆಗೆದು, ತುಂಡುತುಂಡಾಗಿ ಕತ್ತರಿಸಿ, ಒಂದೇ ಬಗೆಯ ಮಾತುಗಳನ್ನು ಒಂದೊಂದು ಲಕೋಟೆಗೆ ತುಂಬುತ್ತಿದ್ದಳು. ಫ್ಯಾನ್ ಹಾಕಿದರೆ ಒಬ್ಬರ ಸಂಕಟ ಹಾರಿಹೋಗಿ ಇನ್ನೊಬ್ಬರ ಸಂತೋಷದ ಮೇಲೆ ಕೂರುತ್ತಿತ್ತು. ಹಾಗಾಗಿ ಎಂಥ ಸೆಕೆಯಲ್ಲೂ ಅವಳ ಕೋಣೆಯ ಫ್ಯಾನ್ ತಿರುಗುತ್ತಿರಲಿಲ್ಲ. ಆಮೇಲೆ ಸಾಫ್ಟ್‌ವೇರ್ ಬಂತು, ಕತ್ತರಿ ಮೂಲೆ ಸೇರಿತು, ಅಡ್ಡಹೆಸರು ಮಾತ್ರ ಉಳಿಯಿತು.

ಸಾಫ್ಟ್‌ವೇರಿನಲ್ಲೂ ಕೆಲಸ ಅದೇ. ಮಾತಿನ ಒಂದು ತುಣುಕನ್ನು ಗುರುತು ಮಾಡಿ ಅದಕ್ಕೊಂದು ಹಣೆಪಟ್ಟಿ ಹಚ್ಚಬೇಕು. ಅದನ್ನೇ ಕೋಡ್ ಅನ್ನುತ್ತಿದ್ದರು. ‘ದಣಿವು’ ಎಂಬ ಕೋಡನ್ನು ಒತ್ತಿದರೆ, ಯಾವ ಯಾವ ಮನೆಯವರು ದಣಿವಿನ ಬಗ್ಗೆ ಏನೇನು ಹೇಳಿದ್ದರೋ ಅಷ್ಟೂ ಒಟ್ಟಿಗೆ ಬಂದು ಪರದೆಯ ಮೇಲೆ ನಿಲ್ಲುತ್ತಿತ್ತು. ಬೇಕಾದರೆ ಗಂಡಸರದ್ದು ಒಂದು ಕಡೆ, ಹೆಂಗಸರದ್ದು ಒಂದು ಕಡೆ ಇಟ್ಟು ಹೋಲಿಸಬಹುದು. ಈ ಕೆಲಸದಲ್ಲಿ ಅವಳ ಕೈ ಪಳಗಿತ್ತು. ಅವಳು ಹಚ್ಚಿದ ಕೋಡನ್ನು ಯಾರೂ ಮತ್ತೆ ತೆಗೆದು ನೋಡುತ್ತಿರಲಿಲ್ಲ.

ಅವಳಿಗೆ ಮದುವೆಯಾಗಿರಲಿಲ್ಲ. ಹತ್ತಿರದವರು ಅಂತ ಇದ್ದವಳು ಅಕ್ಕ ಒಬ್ಬಳೇ. ತಾಯಿ ಹೋದ ಮೇಲೆ ತನ್ನ ಓದು ಬಿಟ್ಟು ತಂಗಿಯನ್ನು ಓದಿಸಿದವಳು. ಅಕ್ಕನ ಮನೆ ಅದೇ ಊರಿನ ಇನ್ನೊಂದು ತುದಿಯಲ್ಲಿತ್ತು. ಅಕ್ಕನ ಅತ್ತೆ ಹಾಸಿಗೆ ಹಿಡಿದು ವರ್ಷಗಳಾಗಿದ್ದವು. ಭಾನುವಾರ ತಂಗಿ ಫೋನ್ ಮಾಡುವಳು. ಅಕ್ಕನಿಗೆ ಕೈ ಬಿಡುವಿರುತ್ತಿರಲಿಲ್ಲ. ಭಾವನೇ ಫೋನ್ ಎತ್ತಿ, ಸ್ಪೀಕರ್ ಹಾಕಿ, ಪಕ್ಕದಲ್ಲಿ ಹಿಡಿದು ನಿಲ್ಲುತ್ತಿದ್ದ. ಒಳ್ಳೆಯ ಮನುಷ್ಯ. ನಿಮ್ಮಕ್ಕ ಇಲ್ಲದಿದ್ದರೆ ಈ ಮನೆ ನಡೆಯೋದೇ ಇಲ್ಲ ಎಂದು ಅಕ್ಕನೆದುರೇ ಹೊಗಳುತ್ತಿದ್ದ. ಹೇಗಿದ್ದೀಯ ಎಂದು ಕೇಳಿದರೆ ಅಕ್ಕ ತನಗೇನೂ ತೊಂದರೆಯಿಲ್ಲ ಅನ್ನುವಳು, ಹುಷಾರಾಗಿರು ಎಂದು ತಂಗಿಗೇ ಬುದ್ಧಿ ಹೇಳುವಳು.

ಆ ಹೊತ್ತಿಗೇ ಸಂಸ್ಥೆಗೆ ಒಂದು ಅಧ್ಯಯನ ಬಂತು. ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಳ್ಳುವವರ ಪಾಡೇನು ಎಂದು ವಿಚಾರಿಸುವುದು. ರೋಗಿಗಳನ್ನು ಹಗಲು ಕೆಲವು ಗಂಟೆ ಬಿಟ್ಟುಹೋಗಲು ಆಸ್ಪತ್ರೆಯಲ್ಲಿ ಒಂದು ವಾರ್ಡ್ ತೆರೆಯಬೇಕೇ ಬೇಡವೇ ಎಂಬುದು ಇದರ ಮೇಲೆ ನಿಂತಿತ್ತು. ಸಂದರ್ಶನಗಳನ್ನೆಲ್ಲ ಕೋಡ್ ಮಾಡಿದವಳು ಅವಳೇ. ‘ನಂಗೇನೂ ತೊಂದ್ರೆ ಇಲ್ಲ’, ‘ಅಭ್ಯಾಸ ಆಗಿಹೋಗಿದೆ’ ಎಂಬಂಥ ಮಾತು ಸಿಕ್ಕಲ್ಲೆಲ್ಲ ‘ಹೊಂದಾಣಿಕೆ’ ಎಂದು ಹಚ್ಚಿದಳು. ಆ ಕೋಡ್ ಎಲ್ಲಕ್ಕಿಂತ ದಪ್ಪಗೆ ಬೆಳೆಯಿತು. ಹೆಚ್ಚಿನ ಮನೆಗಳಲ್ಲಿ ಜನ ಹೊಂದಿಕೊಂಡಿದ್ದಾರೆ ಎಂದು ವರದಿ ಹೋಯಿತು. ನಿರ್ದೇಶಕರು ಅವಳ ಬೆನ್ನು ತಟ್ಟಿದರು. ವಾರ್ಡಿನ ಮಾತು ಅಲ್ಲಿಗೆ ನಿಂತಿತು. ಆ ಜಾಗದಲ್ಲಿ ಮುರಿದ ಮಂಚಗಳನ್ನು ಪೇರಿಸಿಟ್ಟರಂತೆ.

ಅಕ್ಕನ ಅತ್ತೆ ಮರುವರ್ಷ ತೀರಿಕೊಂಡರು. ಅದಾಗಿ ಕೆಲವು ತಿಂಗಳಿಗೆ ಬೇರೆ ಸಂಸ್ಥೆಯಿಂದ ಒಬ್ಬ ಸಂಶೋಧಕಿ ಬಂದು ಸೇರಿದಳು. ಪ್ರಬಂಧವೊಂದನ್ನು ಬರೆಯಲು ಅವಳಿಗೆ ಹಳೆಯ ಸಂದರ್ಶನಗಳು ಬೇಕಾಗಿದ್ದವು. ಇಬ್ಬರೂ ಒಂದೇ ಪರದೆಯ ಮುಂದೆ ಕೂತರು. ವಯಸ್ಸು, ಸಂಬಂಧ, ಮನೆಯ ಗಾತ್ರ ಎಂದು ಒಂದೊಂದಾಗಿ ಹೋಲಿಸಿದರು, ಹೊಸದೇನೂ ಕಾಣಲಿಲ್ಲ. ಪ್ರತಿ ಸಂದರ್ಶನದ ತಲೆಯಲ್ಲಿ, ಮಾತಾಡುವಾಗ ಪಕ್ಕದಲ್ಲಿ ಯಾರಿದ್ದರು ಎಂದು ಬರೆದಿರುತ್ತಿತ್ತು. ಅದನ್ನು ಯಾರೂ ಬಳಸಿರಲಿಲ್ಲ. ಇದನ್ನೂ ಒಂದು ಸಲ ಹಾಕಿ ನೋಡೋಣವೇ ಎಂದು ಸಂಶೋಧಕಿ ಕೇಳಿದಳು. ಇವಳು ಹಾಕಿದಳು.

ಕೋಷ್ಟಕ ಬಂತು. ಮನೆಯವರು ಪಕ್ಕದಲ್ಲಿದ್ದ ಕಡೆ ‘ಹೊಂದಾಣಿಕೆ’ ರಾಶಿ ಬಿದ್ದಿತ್ತು. ಒಬ್ಬರೇ ಇದ್ದ ಕಡೆ ಆ ಚೌಕ ಹೆಚ್ಚುಕಡಿಮೆ ಖಾಲಿ.

ಎಲ್ಲೋ ತಪ್ಪು ಒತ್ತಿರಬೇಕು ಎಂದು ಅವಳು ಮತ್ತೆ ಮಾಡಿದಳು. ಅದೇ ಬಂತು. ಆಗ ತುಣುಕುಗಳನ್ನು ಬಿಟ್ಟು, ಅವು ಎಲ್ಲಿಂದ ಬಂದಿದ್ದವೋ ಆ ಪೂರ್ತಿ ಸಂದರ್ಶನಗಳನ್ನೇ ತೆರೆದು ಓದತೊಡಗಿದಳು. ಒಬ್ಬ ಹೆಂಗಸು ತನಗೇನೂ ತೊಂದರೆಯಿಲ್ಲ ಎಂದಿದ್ದಳು. ಅದರ ಕೆಳಗೇ, ಮಗ ಫೋನ್ ಬಂತೆಂದು ಹೊರಗೆ ಹೋದ ಎಂದು ಟೈಪಾಗಿತ್ತು. ಅದರ ಕೆಳಗೆ ಅದೇ ಹೆಂಗಸಿನ ಮಾತು: ‘ಅವನು ಬರೋದ್ರೊಳಗೆ ಹೇಳಿಬಿಡ್ತೀನಿ. ನನ್ನ ಕೈಲಿ ಆಗ್ತಿಲ್ಲ.’ ಮೊದಲ ಸಾಲಿಗೆ ‘ಹೊಂದಾಣಿಕೆ’, ಕೊನೆಯದಕ್ಕೆ ‘ದಣಿವು’ ಎಂದು ಹಚ್ಚಿದ್ದವಳು ತಾನೇ. ನಡುವಿನ ಸಾಲಿಗೆ ಏನನ್ನೂ ಹಚ್ಚಿರಲಿಲ್ಲ.

ಅವಳು ಆ ಸಾಲನ್ನೇ ಮತ್ತೆ ಮತ್ತೆ ಓದುವುದನ್ನು ನೋಡಿ ಸಂಶೋಧಕಿ ನೀರು ತಂದುಕೊಟ್ಟಳು. ಎಲ್ಲರಿಂದಲೂ ಆಗುವಂಥದ್ದೇ ಎಂದು ಸಮಾಧಾನ ಹೇಳಿದಳು. ನಿರ್ದೇಶಕರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅವಳಿಗನ್ನಿಸಿತು. ವರದಿಗೆ ಒಂದು ತಿದ್ದುಪಡಿ ಬರೆದು ಕಳಿಸಿದರು. ಆಸ್ಪತ್ರೆಯ ಕಡೆಯಿಂದ ಉತ್ತರ ಬರಲಿಲ್ಲ. ಅವಳು ಒಂದೆರಡು ಸಲ ಹೋಗಿ ವಿಚಾರಿಸಿದಳು. ಆ ವಿಷಯ ಮುಗಿದುಹೋಗಿದೆ ಎಂದರು.

ಅದಕ್ಕಿಂತ ಹೆಚ್ಚಾಗಿ ಅವಳನ್ನು ಕೊರೆಯುತ್ತಿದ್ದದ್ದು ಬೇರೆ. ಒಂದು ಬುಧವಾರ ರಜೆ ಹಾಕಿ, ಭಾವ ಕೆಲಸಕ್ಕೆ ಹೋಗಿರುವ ಹೊತ್ತು ನೋಡಿಕೊಂಡು ಅಕ್ಕನ ಮನೆಗೆ ಹೋದಳು. ಅಕ್ಕ ಬಟ್ಟೆ ಮಡಿಸುತ್ತಿದ್ದಳು, ಎಡಗೈಯಲ್ಲಿ. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಅತ್ತೆಯನ್ನು ಎತ್ತಿ ಎತ್ತಿ ಭುಜದ ಸ್ನಾಯು ಹರಿದಿತ್ತಂತೆ. ಡಾಕ್ಟರು ತುಂಬ ತಡವಾಯಿತು ಎಂದಿದ್ದರಂತೆ. ಸಾವಿನ ಮನೆಗೆ ಬಂದಿದ್ದಾಗಲೂ ತಂಗಿಗೆ ಅದು ಕಂಡಿರಲಿಲ್ಲ.

“ಅತ್ತೆ ಇದ್ದಾಗ ನಿಂಗೆ ತುಂಬ ಕಷ್ಟ ಆಗಿತ್ತಾ, ಅಕ್ಕ?”

ಅಕ್ಕ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ.

“ಈಗ ಯಾಕೆ ಕೇಳ್ತಿದ್ದೀಯ?”

“ಆಗ ಕೇಳಿದಾಗೆಲ್ಲ ಏನೂ ಇಲ್ಲ ಅಂತಿದ್ದೆ.”

“ಅವರು ಫೋನ್ ಹಿಡ್ಕೊಂಡು ನಿಂತಿರೋವಾಗ ಇನ್ನೇನು ಹೇಳ್ಲಿ? ಅವರ ತಾಯಿ ಕಣೆ. ಬೇಜಾರಾಗಲ್ವಾ?” ಅಕ್ಕ ಟವೆಲ್ಲೊಂದನ್ನು ಮಡಿಸಿ, ಮತ್ತೆ ಬಿಚ್ಚಿದಳು. “ಒಂದು ದಿನ ಅವರಿಲ್ಲದಾಗ ಬರ್ತೀಯ ಅಂತ ಕಾಯ್ತಿದ್ದೆ. ಹಿಂಗೇ ಜನರನ್ನ ಮಾತಾಡಿಸೋದೇ ನಿನ್ನ ಕೆಲಸ ಅಲ್ವಾ? ನಿಂಗೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ.”

ತಂಗಿ ಉಳಿದ ಬಟ್ಟೆಗಳನ್ನು ಎಳೆದುಕೊಂಡು ಮಡಿಸಿದಳು.

ಅಂದಿನಿಂದ ಅವಳು ಬುಧವಾರದ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಅಲ್ಲಿಗೆ ಹೋಗುತ್ತಾಳೆ. ಆಫೀಸಿನಲ್ಲಿ ಈಗ ಸಂದರ್ಶನ ಶುರುವಾಗುವ ಮೊದಲು ಮನೆಯವರನ್ನು ಹೊರಗೆ ಕಳಿಸಲೇಬೇಕೆಂದು ಹಟ ಹಿಡಿಯುತ್ತಾಳೆ. ಹೊಸಬರು ಇವಳದ್ದು ಅತಿಯಾಯಿತು ಎಂದು ಗೊಣಗುತ್ತಾರೆ. ವಾರ್ಡು ಮಾತ್ರ ತೆರೆಯಲಿಲ್ಲ, ಅಕ್ಕನ ಕೈಯೂ ಏಳಲಿಲ್ಲ.

ಆ ವರ್ಷಗಳ ಬಗ್ಗೆ ಅವಳು ಅಕ್ಕನನ್ನು ಆಗಾಗ ಕೇಳುತ್ತಾಳೆ. ಪೂರ್ತಿ ಕೇಳಬೇಕೆಂದು ಅವಳಾಸೆ. ಅಕ್ಕ ಶುರು ಮಾಡುತ್ತಾಳೆ, ನಡುವೆ ತಡವರಿಸುತ್ತಾಳೆ, ಅದು ಯಾವ ವರ್ಷವೋ ನೆನಪಾಗುತ್ತಿಲ್ಲ ಕಣೆ ಅನ್ನುತ್ತಾಳೆ. ಆಮೇಲೆ ತಂಗಿಯತ್ತ ಬೆನ್ನು ತಿರುಗಿಸಿ ಕೂತು, ಜಡೆಯನ್ನಾದರೂ ಹೆಣೆದುಕೊಡು, ನನ್ನ ಕೈ ಅಲ್ಲಿವರೆಗೆ ಹೋಗಲ್ಲ ಅನ್ನುತ್ತಾಳೆ.